5ಜಿ ನೆಟ್‌ವರ್ಕ್‌ಗೆ ಎಐ ಕಾವಲು: ಒಂದು ಲ್ಯಾಪ್‌ಟಾಪ್‌ನಲ್ಲೇ ಕಟ್ಟಿ, ದಾಳಿ ಮಾಡಿ, ಹಿಡಿದು ನೋಡುವ ಬಗೆ

ಒಂದು ಹಳ್ಳಿ, ಒಂದೇ ಟವರ್. ಮಳೆಗೆ ಕರೆಂಟು ಹೋಯಿತು. ಸ್ವಲ್ಪ ಹೊತ್ತಿಗೆ ಟವರ್‌ನ ಬ್ಯಾಟರಿಯೂ ಕೈಕೊಟ್ಟಿತು. ಎರಡು ಗಂಟೆ ಬಿಟ್ಟು ಕರೆಂಟು ಬಂದಾಗ ಸುತ್ತಲಿನ ಬಹುಪಾಲು ಫೋನ್‌ಗಳು ಒಂದೇ ಸಲ ಎದ್ದು, ‘ನಾನಿಲ್ಲಿದ್ದೇನೆ, ಸೇರಿಸಿಕೋ’ ಎಂದು ನೆಟ್‌ವರ್ಕ್‌ನ ಬಾಗಿಲು ಬಡಿಯುತ್ತವೆ. ನಿಮಿಷಕ್ಕೆ ಹತ್ತಿಪ್ಪತ್ತು ಬರುತ್ತಿದ್ದ ಕೋರಿಕೆಗಳು ನೂರಾರು ಆಗುತ್ತವೆ.

ಈಗ ಇನ್ನೊಂದು ಚಿತ್ರ. ಯಾರೋ ಒಬ್ಬ ಪುಟ್ಟ ರೇಡಿಯೊ ಸಾಧನ ಇಟ್ಟುಕೊಂಡು, ಇಲ್ಲದ ಫೋನ್‌ಗಳ ಹೆಸರಿನಲ್ಲಿ ಅದೇ ಬಾಗಿಲನ್ನು ನೂರಾರು ಸಲ ಬಡಿಯುತ್ತಾನೆ. ಎಣಿಕೆ ಮಾತ್ರ ನೋಡಿದರೆ ಎರಡೂ ಒಂದೇ. ಮೊದಲನೆಯದಕ್ಕೆ ಗಾಬರಿ ಬೀಳಬಾರದು, ಎರಡನೆಯದನ್ನು ಬಿಡಬಾರದು.

ಈ ಎರಡನ್ನು ಬೇರೆ ಮಾಡಿ ಹೇಳುವುದೇ ಇಲ್ಲಿ ಎಐನ ಕೆಲಸ. ಆದರೆ ಯಾವ ಮಾಡೆಲ್ ಹಾಕಬೇಕು ಅನ್ನುವುದು ಇದರಲ್ಲಿ ಸಣ್ಣ ಪ್ರಶ್ನೆ. ನಿಮ್ಮ ನೆಟ್‌ವರ್ಕ್ ಒಂದು ಸಾಮಾನ್ಯ ದಿನ ಹೇಗಿರುತ್ತೆ ಅನ್ನುವುದು ದೊಡ್ಡ ಪ್ರಶ್ನೆ. ಬೀದಿನಾಯಿ ಹಾಲಿನವನಿಗೆ ಬೊಗಳುವುದಿಲ್ಲ, ಅಲ್ವಾ? ಅದಕ್ಕೆ ಕಳ್ಳರ ಪಟ್ಟಿ ಯಾರೂ ಕೊಟ್ಟಿಲ್ಲ. ಬೀದಿಯ ದಿನಚರಿ ಗೊತ್ತು, ಅಷ್ಟೇ. ನಾವು ಕಟ್ಟುವುದೂ ಅಂಥದ್ದನ್ನೇ.

ನಿಮಗೆ ಬೇಕಾದದ್ದು 8 ಜಿಬಿ ರ್‍ಯಾಮ್ ಇರುವ ಲ್ಯಾಪ್‌ಟಾಪ್, ಅದರಲ್ಲಿ ಉಬುಂಟು, ಸ್ವಲ್ಪ ಪೈಥಾನ್, ಒಂದೆರಡು ವಾರದ ಸಂಜೆಗಳು. ಫೈನಲ್ ಇಯರ್ ಪ್ರಾಜೆಕ್ಟ್ ಹುಡುಕುತ್ತಿರುವವರಿಗೂ ಇದು ಹೊಂದುತ್ತದೆ. ಅವರಿಗೆ ಒಂದು ಕಿವಿಮಾತು. ‘5ಜಿ ಸುರಕ್ಷತೆ’ ಎಂದು ಹೆಸರಿಟ್ಟು, ನೆಟ್‌ವರ್ಕ್ ದಾಳಿ ಹಿಡಿಯುವ ಪ್ರಯೋಗಗಳಿಗೆ ಬಳಸುವ ಹಳೆಯ ಕೆಡಿಡಿ 99 ಡೇಟಾಸೆಟ್ ಅಥವಾ ಅದರ ತಿದ್ದಿದ ರೂಪವಾದ ಎನ್‌ಎಸ್‌ಎಲ್-ಕೆಡಿಡಿ ಹಾಕಬೇಡಿ. ಅದರ ಮೂಲ 1998ರಲ್ಲಿ ಹಿಡಿದಿಟ್ಟ ನೆಟ್‌ವರ್ಕ್ ಸಂಚಾರ. ಆಗ ಮೊಬೈಲ್‌ನಲ್ಲಿ ಇಂಟರ್ನೆಟ್ಟೇ ಅಪರೂಪ. ಅದರ ಮೇಲೆ ಬರುವ 99 ಪರ್ಸೆಂಟ್ ನಿಖರತೆ ಯಾವ 5ಜಿ ಟವರನ್ನೂ ಕಾಯುವುದಿಲ್ಲ. ಸಿದ್ಧ ಡೇಟಾ ಬೇಕೇ ಬೇಕು ಅಂದರೆ ಫಿನ್‌ಲ್ಯಾಂಡ್‌ನ ಔಲು ವಿಶ್ವವಿದ್ಯಾಲಯದ 5ಜಿ ಪರೀಕ್ಷಾ ಜಾಲದಿಂದ ಬಂದ 5ಜಿ-ಎನ್‌ಐಡಿಡಿ ನೋಡಿ. ಆದರೂ ನಿಮ್ಮದೇ ಡೇಟಾ ಹುಟ್ಟಿಸಿಕೊಳ್ಳುವುದರಲ್ಲಿ ಕಲಿಕೆ ಜಾಸ್ತಿ.

ಮೊದಲು ಕಾನೂನು, ಆಮೇಲೆ ಕಂಪ್ಯೂಟರ್

ಇಲ್ಲಿ ಹೇಳುವುದೆಲ್ಲ ನಿಮ್ಮ ಯಂತ್ರದ ಒಳಗೇ ನಡೆಯುತ್ತದೆ. ಗಾಳಿಗೆ ಒಂದು ಸಿಗ್ನಲ್ಲೂ ಹೋಗುವುದಿಲ್ಲ, ಹೋಗಲೂಬಾರದು. ಕಂಪನಿಗಳು ಹರಾಜಿನಲ್ಲಿ ಕೊಂಡ ತರಂಗಗಳಲ್ಲಿ ಲೈಸೆನ್ಸ್ ಇಲ್ಲದೆ ಪ್ರಸಾರ ಮಾಡುವುದು ನಮ್ಮ ದೇಶದಲ್ಲಿ ಅಪರಾಧ. 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಟೆಲಿಕಾಂ ಜಾಲಕ್ಕೆ ಕೈ ಹಾಕಿದರೆ 3 ವರ್ಷದವರೆಗೆ ಜೈಲು, 2 ಕೋಟಿ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ‘ಸುಮ್ನೆ ಪ್ರಾಜೆಕ್ಟಿಗೆ ಮಾಡಿದ್ದು ಸರ್’ ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ಹಂತ 1: ಫೋನ್ ಹೇಗೆ ಒಳಗೆ ಬರುತ್ತೆ, ಎಲ್ಲಿ ಸಂದು ಇದೆ

5ಜಿ ಟವರಿಗೆ ಜಿಎನ್‌ಬಿ ಎಂದು ಹೆಸರು. ಅದರ ಹಿಂದೆ ಕೋರ್ ಎಂಬ ಸಾಫ್ಟ್‌ವೇರ್ ಗುಂಪು ಇದೆ. ಅದರಲ್ಲಿ ಬಾಗಿಲು ಕಾಯುವವನು ಎಎಂಎಫ್. ಫೋನ್ ಬಂದು ಸೇರುವ ಕೋರಿಕೆ ಕೊಡುತ್ತದೆ. ಕೋರ್ ಒಂದು ಸವಾಲು ಎಸೆಯುತ್ತದೆ. ಸಿಮ್‌ನಲ್ಲಿರುವ ಗುಟ್ಟಿನ ಕೀ ಬಳಸಿ ಫೋನ್ ಉತ್ತರ ಕೊಡುತ್ತದೆ. ಉತ್ತರ ಸರಿಯಾದರೆ ಗೂಢಲಿಪಿ ಶುರುವಾಗಿ ಮುಂದಿನ ಮಾತೆಲ್ಲ ಭದ್ರ.

ಸಂದು ಇರುವುದು ಅದಕ್ಕೂ ಮೊದಲು. ಗುರುತು ಖಚಿತವಾಗುವವರೆಗಿನ ಮಾತುಗಳಿಗೆ ಕಾವಲಿಲ್ಲ. ಯಾರು ಬೇಕಾದರೂ ಬಂದು ಬಾಗಿಲು ಬಡಿಯಬಹುದು, ಬಡಿದಾಗಲೆಲ್ಲ ಎಎಂಎಫ್ ಎದ್ದು ನೋಡಲೇಬೇಕು. ಕೋರಿಕೆಗಳನ್ನು ಸುರಿದು ಬಾಗಿಲನ್ನೇ ಮುಳುಗಿಸುವ ಪ್ರವಾಹದ ದಾಳಿ ಇದನ್ನೇ ಬಳಸಿಕೊಳ್ಳುತ್ತದೆ.

ಇನ್ನೊಂದು ವಿಷಯ ಗಟ್ಟಿ ನೆನಪಿಡಿ, ಮುಂದೆ ಬೇಕಾಗುತ್ತದೆ. 4ಜಿಯಲ್ಲಿ ಫೋನ್ ತನ್ನ ಶಾಶ್ವತ ನಂಬರಾದ ಐಎಂಎಸ್‌ಐಯನ್ನು ಕೆಲವೊಮ್ಮೆ ಬಯಲಲ್ಲೇ ಹೇಳಿಬಿಡುತ್ತಿತ್ತು. ಕಳ್ಳ ಟವರ್‌ಗಳು ಅದನ್ನೇ ಹಿಡಿಯುತ್ತಿದ್ದವು. 5ಜಿಯಲ್ಲಿ ಆ ನಂಬರಿಗೆ ಮುಸುಕು ಹಾಕಿ ಕಳಿಸುತ್ತಾರೆ. ಮುಸುಕಿನ ರೂಪಕ್ಕೆ ಸುಸಿ ಎಂದು ಹೆಸರು. ಪ್ರತಿ ಸಲ ಹೊಸ ಮುಸುಕು. ಒಮ್ಮೆ ಸೇರಿದ ಫೋನಿಗೆ ನೆಟ್‌ವರ್ಕ್ ಒಂದು ತಾತ್ಕಾಲಿಕ ಟೋಕನ್ ಕೊಡುತ್ತದೆ, ಅದು ಗುಟಿ. ಮುಂದಿನ ಸಲ ಫೋನ್ ಆ ಟೋಕನ್ ತೋರಿಸಿಯೇ ಮಾತು ಶುರುಮಾಡುತ್ತದೆ.

ಹಂತ 2: ಬಾಗಿಲಿಗೆ ಮೊದಲು ಚಿಲಕ ಹಾಕಿ

ಚಿಲಕವಿಲ್ಲದ ಮನೆಗೆ ಎಐ ಕ್ಯಾಮೆರಾ ಹಾಕುವುದು ವ್ಯರ್ಥ. ನಾಲ್ಕು ಕಡೆ ಕೈಯಾಡಿಸಿ ನೋಡಿ. ಸುಸಿಗೆ ‘ಮುಸುಕೇ ಇಲ್ಲ’ ಎಂಬ ಒಂದು ಆಯ್ಕೆಯೂ ಇದೆ, ಅದು ಆನ್ ಆಗಿದ್ದರೆ 4ಜಿ ಕಾಲಕ್ಕೇ ಹೋದಂತೆ. ಸಂದೇಶ ತಿದ್ದಲಾಗದಂತೆ ಕಾಯುವ ಕ್ರಮದಲ್ಲೂ ಒಂದು ಖಾಲಿ ಆಯ್ಕೆ ಇದೆ, ಅದು ತುರ್ತು ಕರೆಗೆ ಬಿಟ್ಟರೆ ಬೇರೆಲ್ಲೂ ಬೇಡ. ಕೋರ್‌ನ ಭಾಗಗಳು ತಮ್ಮತಮ್ಮೊಳಗೆ ಮಾತಾಡುವಾಗ ಟಿಎಲ್‌ಎಸ್ ಎಂಬ ಗೂಢಲಿಪಿ ಕವಚ ಇರಬೇಕು. ಟವರ್‌ನಿಂದ ಕೋರ್‌ಗೆ ಬರುವ ದಾರಿಯಲ್ಲಿ ಅಂಥದ್ದೇ ಐಪಿಸೆಕ್ ಇರಬೇಕು. ಇವೆಲ್ಲ ಮೊಬೈಲ್ ಮಾನದಂಡ ಬರೆಯುವ 3ಜಿಪಿಪಿಯ 33.501 ಎಂಬ ದಾಖಲೆಯಲ್ಲಿವೆ. ಉದ್ದ ಜಾಸ್ತಿ, ಆದರೆ 6ನೇ ಅಧ್ಯಾಯವನ್ನಾದರೂ ಓದಿ.

ಹಂತ 3: ಲ್ಯಾಬ್ ಕಟ್ಟುವುದು

ಎರಡು ಉಚಿತ ಸಾಫ್ಟ್‌ವೇರ್ ಸಾಕು. ಕೋರ್‌ಗೆ ಓಪನ್5ಜಿಎಸ್. ಟವರ್ ಮತ್ತು ಫೋನ್‌ಗಳ ಪಾತ್ರಕ್ಕೆ ಯುಇರಾನ್‌ಸಿಮ್. ಎರಡಕ್ಕೂ ಬೇರೆಬೇರೆ ವರ್ಚುವಲ್ ಯಂತ್ರ ಮಾಡಿಕೊಳ್ಳಿ, ಆಮೇಲೆ ಲಾಗ್ (ನಡೆದದ್ದನ್ನೆಲ್ಲ ಸಾಲುಸಾಲಾಗಿ ಬರೆದಿಡುವ ಫೈಲ್) ನೋಡುವಾಗ ತಲೆ ಕೆಡುವುದಿಲ್ಲ.

ಓಪನ್5ಜಿಎಸ್ ಹಾಕಿದ ಕೂಡಲೇ ಅದರ ವೆಬ್ ಪುಟದ ಪಾಸ್‌ವರ್ಡ್ ಬದಲಿಸಿ. ಅದು ಹುಟ್ಟಿನಿಂದಲೇ 1423 ಎಂದಿರುತ್ತದೆ, ಎಲ್ಲರಿಗೂ ಗೊತ್ತು. ಆಮೇಲೆ ಚಂದಾದಾರರನ್ನು ಸೇರಿಸಬೇಕು. 200 ಸಿಮ್ ಮಾಡಿ. ವೆಬ್ ಪುಟದಲ್ಲಿ ಒಂದೊಂದಾಗಿ ತುಂಬಲು ಹೋದರೆ ಬೆರಳು ಸವೆಯುತ್ತದೆ. ಓಪನ್5ಜಿಎಸ್ ಜೊತೆಗೇ ಡಿಬಿಸಿಟಿಎಲ್ ಎಂಬ ಸ್ಕ್ರಿಪ್ಟ್ ಬರುತ್ತದೆ, ಅದನ್ನು ಒಂದು ಲೂಪ್‌ನಲ್ಲಿ ಓಡಿಸಿ. ನೆಟ್‌ವರ್ಕ್ ನಂಬರ್ 999 ಮತ್ತು 70 ಎಂದೇ ಬಿಡಿ, 999 ಖಾಸಗಿ ಜಾಲಗಳ ಒಳಬಳಕೆಗೆಂದು ಬಿಟ್ಟ ನಂಬರ್.

ಯುಇರಾನ್‌ಸಿಮ್‌ನಲ್ಲಿ ಮೂರು ಟವರ್ ಎಬ್ಬಿಸಿ. ಎಲ್ಲ ದಾಳಿಯನ್ನೂ ಒಂದೇ ಟವರಿನಿಂದ ಮಾಡಿದರೆ ಏನು ತೊಂದರೆ ಎಂದು ಹಂತ 7ರಲ್ಲಿ ಹೇಳುತ್ತೇನೆ, ನಾನೇ ಅನುಭವಿಸಿದ್ದು. ಫೋನ್ ಸೇರಿಕೊಂಡಾಗ ಎಎಂಎಫ್‌ನ ಲಾಗ್ ಫೈಲಿನಲ್ಲಿ ಸಾಲುಗಳು ಹರಿಯುತ್ತವೆ. ಕೋರಿಕೆ ಬಂತು, ಸುಸಿ ಇದು ಅಥವಾ ಗುಟಿ ಇದು, ಸೇರ್ಪಡೆ ಮುಗಿಯಿತು. ನಮಗೆ ಬೇಕಾದ ಕಚ್ಚಾ ಮಾಲು ಇದೇ. ಒಂದು ಸಣ್ಣ ಕಿರಿಕಿರಿ ಇದೆ. ಆ ಲಾಗ್‌ನಲ್ಲಿ ತಿಂಗಳು, ದಿನ, ಗಂಟೆ ಎಲ್ಲ ಇರುತ್ತದೆ, ವರ್ಷ ಇರುವುದಿಲ್ಲ. ಓದುವ ಸ್ಕ್ರಿಪ್ಟ್‌ನಲ್ಲಿ ನೀವೇ ಸೇರಿಸಿಕೊಳ್ಳಬೇಕು.

ಈ ಲ್ಯಾಬಿನ ಮಿತಿ ತಿಳಿದಿರಲಿ. ಯುಇರಾನ್‌ಸಿಮ್ ರೇಡಿಯೊ ಅಲೆಗಳನ್ನು ಅನುಕರಿಸುವುದಿಲ್ಲ, ಆ ಭಾಗವನ್ನು ಯುಡಿಪಿ ಎಂಬ ಮಾಮೂಲಿ ಕಂಪ್ಯೂಟರ್ ಸಂದೇಶಗಳ ಮೂಲಕ ತಳ್ಳಿಬಿಡುತ್ತದೆ. ಹಾಗಾಗಿ ಜ್ಯಾಮಿಂಗ್ (ರೇಡಿಯೊ ಅಲೆಗೆ ಅಡ್ಡಿ ಮಾಡುವುದು) ಬಗ್ಗೆ ಇಲ್ಲಿ ಏನೂ ಕಲಿಯಲಾಗದು. ಅದು ಬೇಕಿದ್ದರೆ ರೇಡಿಯೊ ಭಾಗವನ್ನೂ ನಡೆಸುವ ಎಸ್‌ಆರ್‌ಎಸ್‌ರಾನ್ ಅಥವಾ ಓಪನ್‌ಏರ್‌ಇಂಟರ್‌ಫೇಸ್ ಕಡೆ ಹೋಗಬೇಕು.

ಹಂತ 4: ಸಾಮಾನ್ಯ ದಿನವನ್ನು ಹುಟ್ಟಿಸುವುದು

ಬಹಳಷ್ಟು ಜನ ಎಡವುವುದು ಇಲ್ಲಿ. 200 ಫೋನ್ ಆನ್ ಮಾಡಿ ಸುಮ್ಮನೆ ಬಿಟ್ಟರೆ ಲಾಗ್ ಸ್ಮಶಾನದಂತಿರುತ್ತದೆ. ಅದನ್ನು ಕಲಿತ ಮಾಡೆಲ್‌ಗೆ ಎಲೆ ಅಲುಗಿದರೂ ದಾಳಿಯೇ.

ಮನುಷ್ಯರ ದಿನಚರಿ ತುಂಬಿ. ಬೆಳಿಗ್ಗೆ 6ರಿಂದ ಫೋನ್‌ಗಳು ಒಂದೊಂದಾಗಿ ಎದ್ದೇಳಲಿ. 8ರಿಂದ 10 ಮತ್ತು ಸಂಜೆ 6ರಿಂದ 8 ಓಡಾಟ ಜಾಸ್ತಿ ಇರಲಿ, ಒಂದು ಟವರ್‌ನಿಂದ ಬಿಟ್ಟು ಇನ್ನೊಂದಕ್ಕೆ ಸೇರಲಿ. ರಾತ್ರಿ ಕೆಲವು ಸ್ವಿಚ್ ಆಫ್ ಆಗಲಿ. ಭಾನುವಾರ ಬೇರೆ ಥರ ಇರಲಿ. ಇದೆಲ್ಲ ಯುಇರಾನ್‌ಸಿಮ್‌ನ ಕಮಾಂಡ್ ಲೈನ್ ಮೂಲಕ ಒಂದು ಪೈಥಾನ್ ಸ್ಕ್ರಿಪ್ಟ್‌ನಿಂದ ಮಾಡಬಹುದು. ಸಮಯಕ್ಕೆ ಸ್ವಲ್ಪ ಏರುಪೇರು ಹಾಕಿ, ಗಡಿಯಾರದಂತೆ ನಡೆಯಬಾರದು.

ಆಮೇಲೆ ಊರಿನ ಗಲಾಟೆಗಳನ್ನೂ ಸೇರಿಸಿ. ಮೈಸೂರು ದಸರಾ ಮೆರವಣಿಗೆ ದಿನ ಅರಮನೆ ಸುತ್ತ, ಐಪಿಎಲ್ ಪಂದ್ಯ ಮುಗಿದ ರಾತ್ರಿ ಚಿನ್ನಸ್ವಾಮಿ ಸ್ಟೇಡಿಯಂ ಸುತ್ತ ಇರುವ ಟವರ್‌ಗಳನ್ನು ನೆನೆಸಿಕೊಳ್ಳಿ. ಅದು ದಾಳಿಯಲ್ಲ, ಆದರೂ ಮಾಮೂಲಿಯಲ್ಲ. ಲ್ಯಾಬ್‌ನಲ್ಲಿ ವಾರಕ್ಕೊಂದು ಸಲ 150 ಫೋನನ್ನು ಹತ್ತು ನಿಮಿಷದಲ್ಲಿ ಒಂದೇ ಟವರಿಗೆ ನುಗ್ಗಿಸಿ. ಟವರ್ ರಿಸ್ಟಾರ್ಟ್ ಕೂಡ ಎರಡು ಮೂರು ಸಲ ಮಾಡಿ.

ರಿಸ್ಟಾರ್ಟ್ ಮಾಡುವಾಗ ಒಂದು ಎಚ್ಚರಿಕೆ. ಟವರ್ ಪ್ರೋಗ್ರಾಂ ಮಾತ್ರ ನಿಲ್ಲಿಸಿ ಮತ್ತೆ ಶುರುಮಾಡಿ, ಫೋನ್ ಪ್ರೋಗ್ರಾಂ ಮುಟ್ಟಬೇಡಿ. ನಾನು ಮೊದಲ ಸಲ ಎರಡನ್ನೂ ನಿಲ್ಲಿಸಿದ್ದೆ. ಫೋನ್‌ಗಳು ತಮ್ಮ ಟೋಕನ್ ಮರೆತು ಹೊಸದಾಗಿ ಸುಸಿ ಹೇಳುತ್ತಾ ಬಂದವು. ನಿಜವಾದ ಕರೆಂಟ್ ಕಟ್‌ನಲ್ಲಿ ಟವರ್ ಸಾಯುತ್ತದೆ, ಜನರ ಜೇಬಿನ ಫೋನ್ ಸಾಯುವುದಿಲ್ಲ.

ಇದನ್ನು ಕನಿಷ್ಠ ಒಂದು ವಾರ ಓಡಿಸಿ. ಲ್ಯಾಪ್‌ಟಾಪ್ ಮುಚ್ಚಿದಾಗ ಮಲಗದಂತೆ ಸೆಟ್ಟಿಂಗ್ ಮಾಡಿಕೊಳ್ಳಿ, ಇಲ್ಲದಿದ್ದರೆ ನಿಮ್ಮ ಊರಲ್ಲಿ ರಾತ್ರಿಯೇ ಇರುವುದಿಲ್ಲ.

ಹಂತ 5: ಮಾಡೆಲ್‌ಗೆ ಏನು ತೋರಿಸಬೇಕು

ಲಾಗ್ ಸಾಲುಗಳನ್ನು ಹಾಗೇ ಮಾಡೆಲ್‌ಗೆ ಸುರಿಯಬಾರದು. ಒಂದೊಂದು ನಿಮಿಷದ ತುಂಡು ಮಾಡಿ. ಪ್ರತಿ ಟವರಿಗೆ, ಪ್ರತಿ ನಿಮಿಷಕ್ಕೆ, ಒಂದು ಸಾಲು ಸಂಖ್ಯೆ. ಈ ಸಂಖ್ಯೆಗಳಿಗೆ ಫೀಚರ್ ಎನ್ನುತ್ತಾರೆ. ಯಾವ ಫೀಚರ್ ಆರಿಸುತ್ತೀರಿ ಅನ್ನುವುದರ ಮೇಲೇ ಮುಕ್ಕಾಲು ಪಾಲು ಫಲಿತಾಂಶ ನಿಂತಿದೆ.

ಕೋರಿಕೆಗಳ ಎಣಿಕೆ ಇರಲೇಬೇಕು. ಆದರೆ ಅದೊಂದೇ ಏನೂ ಹೇಳುವುದಿಲ್ಲ ಎಂದು ಆರಂಭದಲ್ಲೇ ನೋಡಿದೆವು. ಅದರ ಪಕ್ಕಕ್ಕೆ ‘ಬಡಿದವರಲ್ಲಿ ಎಷ್ಟು ಪಾಲು ಒಳಗೆ ಬಂದರು’ ಎಂಬ ಅನುಪಾತ ಇಡಿ. ಕರೆಂಟು ಬಂದ ಮೇಲೆ ನುಗ್ಗುವವರು ನಿಜವಾದ ಸಿಮ್ ಇರುವವರು, ಸ್ವಲ್ಪ ತಡವಾದರೂ ಒಳಗೆ ಬರುತ್ತಾರೆ. ಸುಳ್ಳು ಫೋನ್‌ಗಳು ಸವಾಲಿಗೆ ಉತ್ತರ ಕೊಡಲಾರವು.

ಮೂರನೆಯದು ನನಗೆ ತುಂಬ ಇಷ್ಟವಾದದ್ದು: ಬಂದವರಲ್ಲಿ ಸುಸಿ ಹೇಳಿಕೊಂಡು ಬಂದವರ ಪಾಲು ಎಷ್ಟು, ಗುಟಿ ತೋರಿಸಿದವರ ಪಾಲು ಎಷ್ಟು? ಕರೆಂಟ್ ಕಟ್ ಆದ ಮೇಲೆ ಬರುವ ಫೋನ್‌ಗಳ ಕೈಯಲ್ಲಿ ಹಳೆಯ ಟೋಕನ್ ಇರುತ್ತದೆ. ನೆಟ್‌ವರ್ಕ್‌ಗೆ ಹೊಸಬನಾದ ದಾಳಿಕೋರನ ಬಳಿ ಅದಿಲ್ಲ. ಜಾತ್ರೆಗೆ ಬಂದ ಊರಿನವರು ಯಾರು, ಹೊರಗಿನವರು ಯಾರು ಎಂದು ಎಣಿಸಿದ ಹಾಗೆ. ಈ ಒಂದು ಸಂಖ್ಯೆ ಸೇರಿಸಿದ ಮೇಲೆ ನನ್ನ ಲ್ಯಾಬ್‌ನಲ್ಲಿ ರಿಸ್ಟಾರ್ಟ್‌ಗಳಿಗೆ ಅಲಾರಂ ಕೂಗುವುದು ಬಹುಮಟ್ಟಿಗೆ ನಿಂತಿತು.

ಇಲ್ಲೇ ಒಂದು ಗುಂಡಿ ಇದೆ, ಬೀಳಬೇಡಿ. ‘ಎಷ್ಟು ಬೇರೆಬೇರೆ ಸುಸಿ ಬಂದವು’ ಎಂದು ಎಣಿಸಿ ಅದನ್ನೇ ಫೋನ್‌ಗಳ ಸಂಖ್ಯೆ ಎಂದುಕೊಳ್ಳುವವರಿದ್ದಾರೆ. ಪ್ರತಿ ಸಲ ಹೊಸ ಮುಸುಕು ಅಂದೆನಲ್ಲ? ಒಂದೇ ಫೋನ್ ಹತ್ತು ಸಲ ಬಂದರೆ ಹತ್ತು ಸುಸಿ ಕಾಣುತ್ತದೆ. ಮುಸುಕು ಹಾಕದ ಲ್ಯಾಬ್‌ನಲ್ಲಿ ಚೆನ್ನಾಗಿ ಕೆಲಸ ಮಾಡಿದ ಈ ಎಣಿಕೆ, ಮುಸುಕು ಆನ್ ಆದ ದಿನ ದಾರಿ ತಪ್ಪಿಸುತ್ತದೆ.

ಮುಂದಿನದು ತಪ್ಪುಗಳ ಬಗೆ. ಗುರುತು ಪರೀಕ್ಷೆ ಕೆಟ್ಟರೆ ಫೋನ್ ಕಾರಣದ ನಂಬರ್ ಹೇಳುತ್ತದೆ. 20 ಅಂದರೆ ಕೀ ಹೊಂದಲಿಲ್ಲ. 21 ಅಂದರೆ ಸಿಮ್ ಮತ್ತು ಕೋರ್ ಎರಡೂ ಇಟ್ಟುಕೊಳ್ಳುವ ಲೆಕ್ಕದ ಸಂಖ್ಯೆ ಹಿಂದೆಮುಂದೆ ಆಗಿದೆ. 21 ಆಗೀಗ ಒಳ್ಳೆಯ ಫೋನ್‌ಗಳಲ್ಲೂ ಬರುತ್ತದೆ. 20 ಒಂದೇ ನಿಮಿಷದಲ್ಲಿ ಹತ್ತು ಬಂದರೆ ಎದ್ದು ಕೂರಬೇಕು. ಚಂದಾದಾರರ ಪಟ್ಟಿಯಲ್ಲೇ ಇಲ್ಲದ ನಂಬರ್ ಬಂದಾಗ ಓಪನ್5ಜಿಎಸ್ ಸುಸಿ ಸಿಗಲಿಲ್ಲ, 404 ಎಂದು ಬರೆಯುತ್ತದೆ. ಅದನ್ನೂ ಬೇರೆಯಾಗಿ ಎಣಿಸಿ. ಮೂರನ್ನೂ ಕೂಡಿಸಿ ‘ಒಟ್ಟು ತಪ್ಪು’ ಎಂದು ಮಾಡಿದರೆ ಸುಳಿವೇ ಹೋಗುತ್ತದೆ.

ಇನ್ನೊಂದು, ತಾಳ. ನಿಜವಾದ ಫೋನ್ ಶಿಸ್ತಿನದು. ಸೇರುವ ಯತ್ನಕ್ಕೆ ಉತ್ತರ ಬಾರದಿದ್ದರೆ 15 ಸೆಕೆಂಡ್ ಕಾಯುತ್ತದೆ. ಸೋತ ಮೇಲೆ 10 ಸೆಕೆಂಡ್ ಸುಮ್ಮನಿದ್ದು ಮತ್ತೆ ಯತ್ನಿಸುತ್ತದೆ. 5 ಸಲ ಸೋತರೆ, ನೆಟ್‌ವರ್ಕ್ ಬೇರೆ ಹೇಳದಿದ್ದಲ್ಲಿ, 12 ನಿಮಿಷ ಮಲಗುತ್ತದೆ. ಹಾಗಾಗಿ ಕೋರ್ ನಿಜವಾಗಿಯೇ ಕೆಟ್ಟಾಗ ಕೋರಿಕೆಗಳು ಅಲೆಯಲೆಯಾಗಿ ಬರುತ್ತವೆ. ದಾಳಿಯ ಸಾಧನಕ್ಕೆ ಈ ಶಿಸ್ತು ಇಲ್ಲ, ಅದು ಒಂದೇ ಸಮನೆ ಬಡಿಯುತ್ತದೆ. ಈ ತಾಳ ಕಾಣಬೇಕಾದರೆ ಒಂದು ನಿಮಿಷದ ತುಂಡು ಸಾಲದು. 5 ಸೆಕೆಂಡ್‌ನ ಎಣಿಕೆ ಇಟ್ಟುಕೊಂಡು, ಈಗಿನ ಎಣಿಕೆ 10 ಮತ್ತು 25 ಸೆಕೆಂಡ್ ಹಿಂದಿನದ್ದಕ್ಕೆ ಎಷ್ಟು ಹೋಲುತ್ತದೆ ಎಂದು ಲೆಕ್ಕ ಹಾಕಿ. ಅದರ ಜೊತೆ 15 ನಿಮಿಷದ ದೊಡ್ಡ ತುಂಡೂ ಒಂದು ಇರಲಿ. ನಿಧಾನವಾಗಿ ತಿನ್ನುವ ದಾಳಿ ಅದರಲ್ಲೇ ಕಾಣುವುದು.

ಕೊನೆಗೆ ಗಂಟೆ ಮತ್ತು ವಾರ. ರಾತ್ರಿ 3ಕ್ಕೆ 80 ಕೋರಿಕೆ ಬಂದರೆ ಅದು ಬೆಳಿಗ್ಗೆ 9ರ 80 ಅಲ್ಲ.

ಹಾಕಬಾರದ್ದು ಮೂರು: ಐಎಂಎಸ್‌ಐ, ಐಪಿ ವಿಳಾಸ, ಟವರ್ ನಂಬರ್. ಮೊದಲನೆಯದು ಜನರ ಖಾಸಗಿ ಗುರುತು, ತರಬೇತಿ ಫೈಲಿನಲ್ಲಿ ಅದಕ್ಕೇನು ಕೆಲಸ? ಉಳಿದೆರಡರ ಕತೆ ಹಂತ 7ರಲ್ಲಿ ಬರುತ್ತದೆ.

ಹಂತ 6: ಮಾಡೆಲ್

ಐಸೊಲೇಷನ್ ಫಾರೆಸ್ಟ್‌ನಿಂದ ಶುರುಮಾಡಿ. 2008ರಲ್ಲಿ ಬಂದ ವಿಧಾನ, ಸೈಕಿಟ್-ಲರ್ನ್ ಎಂಬ ಪೈಥಾನ್ ಲೈಬ್ರರಿಯಲ್ಲಿ ಸಿದ್ಧವಾಗಿದೆ, ಲ್ಯಾಪ್‌ಟಾಪ್‌ನಲ್ಲಿ ಸೆಕೆಂಡುಗಳಲ್ಲಿ ಕಲಿಯುತ್ತದೆ. ಡೀಪ್ ಲರ್ನಿಂಗ್ ಅಂದರೆ ಪ್ರಾಜೆಕ್ಟ್ ಗೈಡ್‌ಗೆ ಖುಷಿ ಇರಬಹುದು. ಆದರೆ ಹದಿನೈದು ಫೀಚರ್‌ಗೆ ಅದು ಸೊಳ್ಳೆಗೆ ಕೋವಿ ಹಿಡಿದಂತೆ.

ಅದರ ಒಳಗುಟ್ಟು ಸರಳ. ಮದುವೆ ಮನೆಯಲ್ಲಿ ನಾನು ಒಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ, ನೀವು ಹೌದು-ಇಲ್ಲ ಪ್ರಶ್ನೆ ಕೇಳಿ ಹುಡುಕಬೇಕು. ಬಿಳಿ ಪಂಚೆ ಉಟ್ಟವರಲ್ಲೊಬ್ಬರಾದರೆ ಹತ್ತಾರು ಪ್ರಶ್ನೆ ಬೇಕು. ಹೆಲ್ಮೆಟ್ ಹಾಕಿಕೊಂಡೇ ಊಟಕ್ಕೆ ಕೂತವನಾದರೆ ಒಂದೇ ಪ್ರಶ್ನೆ ಸಾಕು. ಕಡಿಮೆ ಪ್ರಶ್ನೆಗೆ ಒಂಟಿಯಾಗಿ ಸಿಕ್ಕುವ ನಿಮಿಷ ಅಸಹಜ. ಇಂಥ 100 ಪ್ರಶ್ನೆ-ಮರಗಳನ್ನು ಅದು ತಾನೇ ಬೆಳೆಸಿ ಸರಾಸರಿ ತೆಗೆಯುತ್ತದೆ.

ತರಬೇತಿಗೆ ಒಳ್ಳೆಯ ದಿನಗಳನ್ನು ಮಾತ್ರ ಕೊಡಿ, ದಸರಾ ಗದ್ದಲ ಮತ್ತು ರಿಸ್ಟಾರ್ಟ್ ಸೇರಿ. ಮೊದಲ ಐದು ದಿನ ಕಲಿಯಲು, ಕೊನೆಯ ಎರಡು ದಿನ ಪರೀಕ್ಷಿಸಲು. ಸಾಲುಗಳನ್ನು ಕಲಸಿ ಹಂಚಬೇಡಿ. ಕಲಸಿದರೆ 9:01 ತರಬೇತಿಗೂ 9:02 ಪರೀಕ್ಷೆಗೂ ಹೋಗುತ್ತದೆ. ಉತ್ತರ ಪತ್ರಿಕೆಯ ಅರ್ಧ ಮೊದಲೇ ತೋರಿಸಿದಂತೆ.

ಒಂದು ದೌರ್ಬಲ್ಯ ತಿಳಿದಿರಿ. ತರಬೇತಿಯಲ್ಲಿ ಕಂಡ ಗರಿಷ್ಠ ಎಣಿಕೆ 150 ಆಗಿದ್ದರೆ, ಈ ಮಾಡೆಲ್‌ಗೆ 500ಕ್ಕೂ 50,000ಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ಎರಡಕ್ಕೂ ಆ ಫೀಚರ್‌ನಿಂದ ಬರುವ ಅಂಕ ಒಂದೇ. ಅದಕ್ಕೇ ಪಕ್ಕದಲ್ಲಿ ಒಂದು ಒರಟು ನಿಯಮವೂ ಇರಲಿ: ನಿಮಿಷಕ್ಕೆ ಇಷ್ಟು ದಾಟಿದರೆ ಮಾಡೆಲ್ ಏನೇ ಹೇಳಲಿ, ಅಲಾರಂ. ಎಐ ಇದೆ ಎಂದು ಹಳೆಯ ನಿಯಮಗಳನ್ನು ಎಸೆಯಬೇಡಿ.

ಹಂತ 7: ದಾಳಿ ಮಾಡಿ, ಅಳೆಯಿರಿ

ನಿಮ್ಮ ಲ್ಯಾಬ್ ಮೇಲೆ ನೀವೇ ಕಳ್ಳರಾಗಿ. ಮೂರು ಬಗೆ ಸಾಕು. ಪಟ್ಟಿಯಲ್ಲಿಲ್ಲದ ನಂಬರ್‌ಗಳಿಂದ ಫೋನ್‌ಗಳನ್ನು ಒಟ್ಟಿಗೆ ಎಬ್ಬಿಸಿ, 404 ಸುರಿಯುತ್ತದೆ. ಸರಿಯಾದ ನಂಬರಿಗೆ ತಪ್ಪು ಕೀ ಹಾಕಿ ಎಬ್ಬಿಸಿ, ಕಾರಣ 20 ಬರುತ್ತದೆ. ಮೂರನೆಯದು ಕಷ್ಟದ್ದು: ಇದನ್ನೇ ನಿಮಿಷಕ್ಕೆ ಎರಡರಂತೆ ಇಡೀ ದಿನ ಹರಿಸಿ.

ಈಗ ನನ್ನ ಮುಖಭಂಗದ ಕತೆ. ಮೊದಲ ಸಲ ನನಗೆ 99.9 ಪರ್ಸೆಂಟ್ ನಿಖರತೆ ಬಂತು. ಅವತ್ತು ಸಂಜೆ ಎಲ್ಲರಿಗೂ ಮಸಾಲೆ ದೋಸೆ ಕೊಡಿಸಿದೆ. ಮಾರನೇ ದಿನ ನೋಡಿದರೆ, ದಾಳಿಗಳನ್ನೆಲ್ಲ ನಾನು ಹೊಸದಾಗಿ ಎಬ್ಬಿಸಿದ ಒಂದೇ ಟವರ್‌ನಿಂದ ಮಾಡಿದ್ದೆ. ಟವರ್ ನಂಬರ್ ಫೀಚರ್ ಪಟ್ಟಿಯಲ್ಲಿತ್ತು. ಮಾಡೆಲ್ ಕಲಿತದ್ದು ಇಷ್ಟೇ: 3ನೇ ಟವರ್ ಅಂದರೆ ಕಳ್ಳ. ಐಪಿ ವಿಳಾಸ ಹಾಕಿದರೂ ಇದೇ ಗತಿ. ಆ ನಂಬರ್ ಕಿತ್ತು ಹಾಕಿದ ಮೇಲೆ ನಿಧಾನದ ದಾಳಿಯಲ್ಲಿ ಅರ್ಧವೂ ಸಿಗಲಿಲ್ಲ. ಅದಕ್ಕೇ ಮೂರು ಟವರ್, ಮೂರರಲ್ಲೂ ಒಳ್ಳೆಯವರು, ಮೂರರಲ್ಲೂ ಕಳ್ಳರು.

ಇನ್ನು ಆ ಪರ್ಸೆಂಟ್ ಲೆಕ್ಕವೇ ಮೋಸದ್ದು. ದಿನಕ್ಕೆ 1440 ನಿಮಿಷ. ಅದರಲ್ಲಿ 5 ನಿಮಿಷ ದಾಳಿ. ಕಣ್ಣು ಮುಚ್ಚಿ ‘ಎಲ್ಲ ಚೆನ್ನಾಗಿದೆ’ ಎನ್ನುವ ಮಾಡೆಲ್‌ಗೂ 99.65 ಅಂಕ ಬರುತ್ತದೆ. ಬದಲಿಗೆ ಎರಡು ಪ್ರಶ್ನೆ ಕೇಳಿ. ಹತ್ತು ದಾಳಿಯಲ್ಲಿ ಎಷ್ಟು ಹಿಡಿಯಿತು? ದಿನಕ್ಕೆ ಎಷ್ಟು ಸಲ ಸುಮ್ಮಸುಮ್ಮನೆ ಕೂಗಿತು?

ಎರಡನೆಯದು ಜಾಸ್ತಿ ಮುಖ್ಯ. ನೂರಕ್ಕೆ ಒಂದು ತಪ್ಪು ಅಲಾರಂ ಎಂದರೆ ಕೇಳಲು ಹಿತ. ಆದರೆ 1440 ನಿಮಿಷಕ್ಕೆ 14 ಸಲ. 50 ಟವರ್ ಇದ್ದರೆ ದಿನಕ್ಕೆ 720, ಎರಡು ನಿಮಿಷಕ್ಕೊಂದು. ಮೂರನೇ ದಿನ ಕಂಟ್ರೋಲ್ ರೂಮಿನಲ್ಲಿ ಕೂತವರು ಆ ಸದ್ದನ್ನು ಮ್ಯೂಟ್ ಮಾಡುತ್ತಾರೆ. ಅವರ ತಪ್ಪಲ್ಲ. ಹಾಗಾಗಿ ಅಲಾರಂ ಕೂಗುವ ಅಂಕದ ಮಿತಿಯನ್ನು ಮೇಲೆ ಇಡಿ, ಮತ್ತು ಐದು ನಿಮಿಷದಲ್ಲಿ ಮೂರು ನಿಮಿಷ ಅಸಹಜವಾದರೆ ಮಾತ್ರ ಕೂಗಲಿ. ಮೂರು ನಿಮಿಷ ತಡವಾಗುತ್ತದೆ, ಪರವಾಗಿಲ್ಲ. ತೀರಾ ಜೋರಿನ ಪ್ರವಾಹಕ್ಕೆ ಒರಟು ನಿಯಮ ಇದ್ದೇ ಇದೆ.

ಹಂತ 8: ಕೂಗಿದ ಮೇಲೆ?

‘ಅಸಹಜ ಅಂಕ 0.71’ ಎಂದು ಪರದೆ ಮೇಲೆ ಬಂದರೆ ರಾತ್ರಿ ಪಾಳಿಯವರು ಏನು ಮಾಡಬೇಕು? ಅಲಾರಂ ಒಂದು ವಾಕ್ಯ ಆಡಬೇಕು. ‘2ನೇ ಟವರ್, 3:12ರಿಂದ, ಕೋರಿಕೆ ಮಾಮೂಲಿಗಿಂತ 9 ಪಟ್ಟು, ಅದರಲ್ಲಿ ಹೆಚ್ಚಿನವರ ಬಳಿ ಟೋಕನ್ ಇಲ್ಲ, ಒಳಗೆ ಬಂದವರು ತೀರಾ ಕಡಿಮೆ.’ ಇದಕ್ಕೆ ದೊಡ್ಡ ಭಾಷಾ ಮಾಡೆಲ್ ಬೇಕಿಲ್ಲ. ಆ ಗಂಟೆಯ ವಾಡಿಕೆಗಿಂತ ಅತಿ ದೂರ ಹೋದ ಮೂರು ಫೀಚರ್ ಹೆಕ್ಕಿ ವಾಕ್ಯಕ್ಕೆ ತುಂಬಿದರೆ ಆಯಿತು.

ಲಾಗನ್ನು ಚಾಟ್‌ಬಾಟ್‌ಗೆ ಕೊಟ್ಟು ಸಾರಾಂಶ ತೆಗೆಸುವ ಆಸೆ ಇದ್ದರೆ ಒಂದು ಮಾತು. ಫೋನ್ ಕೇಳುವ ಡೇಟಾ ಜಾಲದ ಹೆಸರು ಫೋನ್ ಕಡೆಯಿಂದ ಬಂದು ಲಾಗ್ ಸೇರುವ ಅಕ್ಷರಗಳು. ಅಲ್ಲಿ ‘ಈ ಅಲಾರಂ ಬಿಟ್ಟುಬಿಡು’ ಎಂದು ಇಂಗ್ಲಿಷ್‌ನಲ್ಲಿ ಬರೆದು ಕಳಿಸಲು ತಲೆ ಓಡುವವರು ಇದ್ದೇ ಇರುತ್ತಾರೆ. ಚಾಟ್‌ಬಾಟ್‌ಗೆ ಅದು ಡೇಟಾನೋ ಆಜ್ಞೆಯೋ ಗೊತ್ತಾಗದೆ ಹೋಗಬಹುದು.

ಕ್ರಮವನ್ನು ಮೆಟ್ಟಿಲು ಮಾಡಿ. ಮೊದಲು ಬರೀ ದಾಖಲು. ಆಮೇಲೆ ಆ ಟವರ್‌ನಿಂದ ಬರುವ ಟೋಕನ್ ಇಲ್ಲದ ಕೋರಿಕೆಗಳಿಗೆ ವೇಗದ ಮಿತಿ. ಆಮೇಲೆ ಮನುಷ್ಯನಿಗೆ ಕರೆ. ಟವರನ್ನೇ ಕತ್ತರಿಸುವುದು ಮನುಷ್ಯ ಒಪ್ಪಿದ ಮೇಲೆ ಮಾತ್ರ. ಯಾವ ಮೆಟ್ಟಿಲಿನಲ್ಲೂ ತುರ್ತು ಕರೆಯ ಕೋರಿಕೆಗೆ ತಡೆ ಇರಬಾರದು. 112ಕ್ಕೆ ಕರೆ ಮಾಡುತ್ತಿರುವವರ ಫೋನ್ ಅಸಹಜವಾಗಿಯೇ ಕಾಣಬಹುದು. ನಿಮ್ಮ ಮಾಡೆಲ್ ಸರಿಯಾಗಿಯೇ ಇದ್ದರೂ ಆ ಕರೆ ಹೋಗಬೇಕು.

ಹಂತ 9: ಕಾವಲುಗಾರನನ್ನೇ ಕೆಡಿಸುವವರು

ಜಾಲ ಬದಲಾಗುತ್ತದೆ. ಹೊಸ ಲೇಔಟ್ ಬರುತ್ತದೆ, ಕಾಲೇಜು ಶುರುವಾಗುತ್ತದೆ. ಹಾಗಾಗಿ ಮಾಡೆಲ್‌ಗೆ ಆಗಾಗ ಹೊಸ ಪಾಠ ಬೇಕು. ಇದನ್ನೇ ಕಳ್ಳ ಬಳಸಿಕೊಳ್ಳಬಹುದು. ದಿನಕ್ಕೆ ಐದೈದೇ ಕೋರಿಕೆ ಹೆಚ್ಚಿಸುತ್ತಾ ಹೋದರೆ, ಪ್ರತಿ ವಾರ ತಾನಾಗಿ ಕಲಿಯುವ ಮಾಡೆಲ್ ಎರಡು ತಿಂಗಳಲ್ಲಿ ಕಳ್ಳತನವನ್ನೇ ಮಾಮೂಲಿ ಎಂದುಕೊಳ್ಳುತ್ತದೆ. ಹಾಲಿನವನ ವೇಷದಲ್ಲಿ ದಿನಾ ಬಂದರೆ ನಾಯಿಗೂ ಅಭ್ಯಾಸ ಆಗುತ್ತೆ.

ಮೊದಲ ದಿನದ ಮಾಡೆಲ್ ಒಂದನ್ನು ಬೀಗ ಹಾಕಿ ಇಡಿ. ಹೊಸದು ‘ಸರಿ’ ಎಂದ ನಿಮಿಷಗಳಿಗೆ ಹಳೆಯದು ‘ತಪ್ಪು’ ಎನ್ನುವುದು ವಾರದಿಂದ ವಾರಕ್ಕೆ ಹೆಚ್ಚುತ್ತಿದ್ದರೆ, ಊರು ಬೆಳೆದಿದೆಯೋ ಯಾರೋ ಬೆಳೆಸುತ್ತಿದ್ದಾರೋ ಎಂದು ಒಬ್ಬರು ಕೂತು ನೋಡಬೇಕು. ಮರುತರಬೇತಿ ತಾನಾಗಿ ನಡೆಯಬಾರದು, ಒಬ್ಬರ ಸಹಿ ಇರಲಿ.

ಲ್ಯಾಬ್‌ನಿಂದ ಹೊರಗೆ

ನಿಜವಾದ ಜಾಲದಲ್ಲಿ ಲಾಗ್ ಫೈಲ್ ಕೆದಕುವ ಅಗತ್ಯ ಕಡಿಮೆ. 5ಜಿ ಕೋರ್‌ನಲ್ಲೇ ಎನ್‌ಡಬ್ಲ್ಯುಡಿಎಎಫ್ ಎಂಬ ವಿಶ್ಲೇಷಣೆಯ ಭಾಗ ಇದೆ. 3ಜಿಪಿಪಿ ಮಾನದಂಡದ ರಿಲೀಸ್ 15ರಲ್ಲಿ ಸಣ್ಣದಾಗಿ ಬಂತು. ರಿಲೀಸ್ 16ರಲ್ಲಿ ಫೋನ್‌ಗಳ ಅಸಹಜ ನಡವಳಿಕೆ ಹೇಳುವ ಕೆಲಸವೂ ಅದಕ್ಕೆ ಸೇರಿತು. ಟವರ್ ಕಡೆಗೆ, ಬೇರೆಬೇರೆ ಕಂಪನಿಗಳ ಭಾಗ ಜೋಡಿಸಬಹುದಾದ ಓಪನ್ ರಾನ್ ಪದ್ಧತಿಯಲ್ಲಿ, ರಿಕ್ ಎಂಬ ನಿಯಂತ್ರಕ ಇದೆ. 10 ಮಿಲಿಸೆಕೆಂಡ್‌ನಿಂದ 1 ಸೆಕೆಂಡ್ ಒಳಗೆ ತೀರ್ಮಾನ ಬೇಕಾದರೆ ಅದರಲ್ಲಿ ಎಕ್ಸ್‌ಆ್ಯಪ್ ಎಂಬ ಪುಟ್ಟ ಪ್ರೋಗ್ರಾಂ ಬರೆಯುತ್ತಾರೆ. ಕಳ್ಳ ಟವರ್ ಹಿಡಿಯುವ ದಾರಿ ಬೇರೆ: ಫೋನ್‌ಗಳು ಸುತ್ತ ಕಂಡ ಟವರ್‌ಗಳ ಪಟ್ಟಿ ಕಳಿಸುತ್ತವೆ, ತನ್ನ ನಕ್ಷೆಯಲ್ಲಿಲ್ಲದ ಟವರ್ ಅದರಲ್ಲಿದ್ದರೆ ನೆಟ್‌ವರ್ಕ್‌ಗೆ ಅನುಮಾನ. 33.501ರ ಇ ಅನುಬಂಧದಲ್ಲಿ ಇದರ ವಿವರ ಇದೆ.

ನಿಜವಾದ ರೇಡಿಯೊ ಮೇಲೆ ಕೈ ಮಾಡಬೇಕೆಂದರೆ 2022ರ ಮೇ ತಿಂಗಳಲ್ಲಿ ಉದ್ಘಾಟನೆಯಾದ ದೇಶೀ 5ಜಿ ಟೆಸ್ಟ್‌ಬೆಡ್ ಇದೆ. ಐಐಟಿ ಮದ್ರಾಸ್ ನೇತೃತ್ವದ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಐಐಎಸ್‌ಸಿಯೂ ಒಂದು. ಅಲ್ಲಿಗೆ ಹೋಗುವ ಮೊದಲು ಒಂದು ಪರೀಕ್ಷೆ ಮನೆಯಲ್ಲೇ ಮುಗಿಸಿ.

ಸಂಜೆ 7 ಗಂಟೆಗೆ, ಫೋನ್‌ಗಳೆಲ್ಲ ಸೇರಿಕೊಂಡಿರುವಾಗ, ಒಂದು ಟವರ್ ನಿಲ್ಲಿಸಿ. ಹತ್ತು ನಿಮಿಷ ಬಿಟ್ಟು ಎಬ್ಬಿಸಿ, ಫೋನ್‌ಗಳು ನುಗ್ಗಲಿ. ಎಷ್ಟು ಕೋರಿಕೆ ಬಂದವು ಎಂದು ಬರೆದುಕೊಳ್ಳಿ. ಮಾರನೇ ದಿನ ಅದೇ ಹೊತ್ತಿಗೆ, ಅದೇ ಟವರಿಗೆ, ಅಷ್ಟೇ ಸಂಖ್ಯೆಯ ಸುಳ್ಳು ಫೋನ್‌ಗಳನ್ನು ಬಿಡಿ. ಮೊದಲ ದಿನ ಅಲಾರಂ ಸುಮ್ಮನಿದ್ದು, ಎರಡನೇ ದಿನ ಕೂಗಿದರೆ ಮುಂದೆ ಹೋಗಿ. ಎರಡೂ ದಿನ ಕೂಗಿದರೆ ಅಥವಾ ಎರಡೂ ದಿನ ಸುಮ್ಮನಿದ್ದರೆ ಮಾಡೆಲ್ ಬದಲಿಸಲು ಹೋಗಬೇಡಿ, ಹಂತ 5ಕ್ಕೆ ವಾಪಸ್ ಬನ್ನಿ.